ಒಂದು ಹನಿ ಪ್ಲಾಸ್ಮಾದ ಇತಿಹಾಸ



2025ರ ಆಗಸ್ಟ್ 10ರಂದು ಬೆಂಗಳೂರು ಮೆಟ್ರೊದ ಹಳದಿ ಮಾರ್ಗ ಉದ್ಘಾಟನೆಯಾದಾಗ ನಮ್ಮ ಹೆಬ್ಬಗೋಡಿಗೂ ಒಂದು ನಿಲ್ದಾಣ ಬಂತು. ಅದರ ಹೆಸರು 'ಬಯೋಕಾನ್ ಹೆಬ್ಬಗೋಡಿ'. ಆನೇಕಲ್ ತಾಲ್ಲೂಕಿನ ಒಂದು ಊರಿನ ಹೆಸರು ಔಷಧ ತಯಾರಿಸುವ ಸಂಸ್ಥೆಯ ಹೆಸರಿನ ಜೊತೆ ಹೀಗೆ ಸೇರಿಹೋಯಿತು. ಹೊಸೂರು ರಸ್ತೆಯ ಎರಡೂ ಬದಿಯಲ್ಲಿರುವ ದೊಡ್ಡ ಕಾಂಪೌಂಡುಗಳನ್ನು ನಾವು ದಿನವೂ ನೋಡುತ್ತೇವೆ. ನಮ್ಮ ಅನೇಕ ಮನೆಗಳಿಂದ ಯಾರಾದರೊಬ್ಬರು ಶಿಫ್ಟ್ ಬಸ್ಸು ಹತ್ತಿ ಆ ಗೇಟುಗಳ ಒಳಗೆ ಹೋಗುತ್ತಾರೆ. ಆದರೆ ಒಳಗಿನ ಪ್ರಯೋಗಾಲಯಗಳಲ್ಲಿ ಏನು ನಡೆಯುತ್ತದೆ ಎಂದು ಕೇಳಿದರೆ ಹೆಚ್ಚಿನವರಿಗೆ ಉತ್ತರ ಗೊತ್ತಿರುವುದಿಲ್ಲ. 'ಮೆಡಿಸಿನ್ ಮಾಡುತ್ತಾರೆ' ಎಂದು ಹೇಳಿ ಸುಮ್ಮನಾಗುತ್ತೇವೆ.

ಅಲ್ಲಿ ನಡೆಯುವ ಅನೇಕ ಕೆಲಸಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು ಅದರ ಚರಿತ್ರೆಯನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ಆ ಕೆಲಸ ಯಾವುದೆಂದರೆ, ಮನುಷ್ಯನ ರಕ್ತದಿಂದ ಪ್ಲಾಸ್ಮಾವನ್ನು ಬೇರ್ಪಡಿಸಿ, ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರಕ್ಕೆ ಕೊಡಲು ಸಿದ್ಧಪಡಿಸುವುದು. ಕೇಳಲು ಇದು ಸಣ್ಣ ಕೆಲಸ. ಆ ಯಂತ್ರದ ಬೆಲೆ ಕೋಟಿ ರೂಪಾಯಿಗಳಲ್ಲಿದೆ. ಆದರೆ ಅದು ಕೊಡುವ ಉತ್ತರ ಸರಿಯೋ ತಪ್ಪೋ ಎಂಬುದು ಬಹುಮಟ್ಟಿಗೆ ಯಂತ್ರದ ಹತ್ತಿರ ಬರುವ ಮೊದಲೇ, ಟ್ಯೂಬು ಹಿಡಿದ ಒಬ್ಬ ತಂತ್ರಜ್ಞನ ಕೈಯಲ್ಲಿ ನಿರ್ಧಾರವಾಗಿಬಿಡುತ್ತದೆ. ನೂರು ವರ್ಷಗಳ ಇತಿಹಾಸ ನಮಗೆ ಈ ಮಾತನ್ನು ಮತ್ತೆ ಮತ್ತೆ ಹೇಳುತ್ತದೆ.

ಪ್ಲಾಸ್ಮಾ ಎಂದರೇನು?

ವಯಸ್ಕ ಮನುಷ್ಯನ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ಶೇಕಡಾ 55ರಷ್ಟು, ತಿಳಿ ಹಳದಿ ಬಣ್ಣದ ದ್ರವ. ಇದೇ ಪ್ಲಾಸ್ಮಾ. ಉಳಿದದ್ದು ಕೆಂಪು ಕಣ, ಬಿಳಿ ಕಣ ಮತ್ತು ಕಿರುತಟ್ಟೆಗಳು. ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು ಮೇಲಿನ ದ್ರವ ತೆಗೆದರೆ ಅದು ಸೀರಂ. ಹೆಪ್ಪುಗಟ್ಟದಂತೆ ತಡೆದು ತೆಗೆದರೆ ಅದು ಪ್ಲಾಸ್ಮಾ. ನೋಡಲು ಎರಡೂ ಒಂದೇ ತರಹ. ಆದರೆ ಹೆಪ್ಪುಗಟ್ಟುವಾಗ ಕಿರುತಟ್ಟೆಗಳು ಹಲವು ವಸ್ತುಗಳನ್ನು ಹೊರಗೆ ಬಿಡುವುದರಿಂದ ಎರಡರ ಲೆಕ್ಕವೂ ಬೇರೆ ಬೇರೆ.

ನಾವು ತಿಂದ ಅನ್ನ, ರಾಗಿ, ಮಾಂಸ, ಬೇಳೆ ಎಲ್ಲವೂ ಒಡೆದು ಸಣ್ಣ ಸಣ್ಣ ಅಣುಗಳಾಗಿ ಈ ಪ್ಲಾಸ್ಮಾದಲ್ಲೇ ಹರಿಯುತ್ತವೆ. ಗ್ಲೂಕೋಸ್, ಅಮೈನೋ ಆಮ್ಲಗಳು, ಕೊಬ್ಬಿನ ಆಮ್ಲಗಳು, ಯೂರಿಯಾ, ಕ್ರಿಯಾಟಿನಿನ್ ಹೀಗೆ ಪಟ್ಟಿ ಬೆಳೆಯುತ್ತದೆ. ದೇಹದ ಈ ಕಟ್ಟುವ ಮತ್ತು ಒಡೆಯುವ ಕೆಲಸಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಚಯಾಪಚಯ ಎಂದು ಹೆಸರು. ಆ ಕೆಲಸದಲ್ಲಿ ಹುಟ್ಟುವ ಎಲ್ಲ ಸಣ್ಣ ಅಣುಗಳನ್ನು ಒಟ್ಟಾಗಿ ಗುರುತಿಸಿ ಅಳೆಯುವ ಶಾಸ್ತ್ರವೇ ಮೆಟಬಾಲೊಮಿಕ್ಸ್. ಕೆನಡಾದ ವಿಜ್ಞಾನಿಗಳು 2007ರಲ್ಲಿ ಇಂತಹ ಅಣುಗಳ ಒಂದು ದೊಡ್ಡ ಕೋಶವನ್ನು ಹೊರತಂದರು. 2011ರಲ್ಲಿ ಮನುಷ್ಯನ ಸೀರಮ್ಮಿಗೆ ಸಂಬಂಧಿಸಿದಂತೆಯೇ 4,229 ಸಂಯುಕ್ತಗಳ ಪಟ್ಟಿ ಪ್ರಕಟವಾಯಿತು. ಒಂದು ಹನಿಯೊಳಗೆ ಇಷ್ಟು ಸಾಕ್ಷಿಗಳಿವೆ ಎಂದರೆ ನೀವೇ ಯೋಚಿಸಿ.

ರುಚಿ ನೋಡುತ್ತಿದ್ದ ಕಾಲ

ದೇಹದ ದ್ರವಗಳನ್ನು ನೋಡಿ ರೋಗ ಹೇಳುವ ಪದ್ಧತಿ ಬಹಳ ಹಳೆಯದು. ಮಧುಮೇಹಿಯ ಮೂತ್ರಕ್ಕೆ ಇರುವೆ ಮುತ್ತುತ್ತದೆ ಎಂಬುದು ನಮ್ಮ ದೇಶದ ಪ್ರಾಚೀನ ವೈದ್ಯರಿಗೆ ತಿಳಿದಿತ್ತು. 'ಮಧುಮೇಹ' ಎಂಬ ಹೆಸರಿನಲ್ಲೇ ಜೇನು ಇದೆ. ಇಬ್ನ್ ಸೀನಾ (980-1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಈ ರೋಗದ ಲಕ್ಷಣಗಳನ್ನು ವಿವರಿಸಿದ್ದಾರೆ. ಈ ಗ್ರಂಥವು ಯುರೋಪಿನ ವೈದ್ಯ ವಿದ್ಯಾಲಯಗಳಲ್ಲಿ ಶತಮಾನಗಳ ಕಾಲ ಪಠ್ಯವಾಗಿತ್ತು.

ಆದರೆ ನಾಲಿಗೆಯ ಸಾಕ್ಷಿ ಸಾಲದು, ವಸ್ತುವನ್ನೇ ಬೇರ್ಪಡಿಸಿ ಕಣ್ಣಿಗೆ ತೋರಿಸಬೇಕು ಎಂಬ ಹೆಜ್ಜೆ ಇಟ್ಟವರು ಇಂಗ್ಲೆಂಡಿನ ಲಿವರ್‌ಪೂಲಿನ ವೈದ್ಯ ಮ್ಯಾಥ್ಯೂ ಡಾಬ್ಸನ್. 1776ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ರೋಗಿಯ ಮೂತ್ರವನ್ನು ಆವಿಯಾಗಿಸಿದಾಗ ಸಕ್ಕರೆಯಂತಹ ಪುಡಿ ಉಳಿಯಿತು. ರೋಗಿಯ ರಕ್ತದ ಸೀರಂ ಕೂಡ ಸಿಹಿಯಾಗಿತ್ತು. ಅಂದರೆ ಸಕ್ಕರೆ ಮೊದಲೇ ರಕ್ತದಲ್ಲಿರುತ್ತದೆ ಎಂದಾಯಿತು. ಒಲೆಯ ಮೇಲೆ ನೀರನ್ನು ಇಂಗಿಸಿದ ಆ ಕೆಲಸವನ್ನು ಇಂದಿನ ಭಾಷೆಯಲ್ಲಿ ಹೇಳುವುದಾದರೆ 'ಮಾದರಿ ಸಿದ್ಧಪಡಿಸುವುದು' ಎನ್ನಬೇಕು.

ಫೋಲಿನ್, ವೂ ಮತ್ತು ನಮ್ಮ ಸುಬ್ಬರಾವ್

ರಕ್ತದ ಸಣ್ಣ ಅಣುಗಳನ್ನು ಅಳೆಯಲು ಹೊರಟವರಿಗೆ ಎದುರಾದ ದೊಡ್ಡ ಅಡ್ಡಿ ಪ್ರೋಟೀನು. ಒಂದು ಲೀಟರ್ ಪ್ಲಾಸ್ಮಾದಲ್ಲಿ 60ರಿಂದ 80 ಗ್ರಾಂ ಪ್ರೋಟೀನು ಇರುತ್ತದೆ. ಅಳೆಯಬೇಕಾದ ಅಣುಗಳು ಅದರ ಮುಂದೆ ಸಂತೆಯಲ್ಲಿ ಕಳೆದುಹೋದ ಮಕ್ಕಳಂತೆ. ಆದ್ದರಿಂದ ಮೊದಲು ಪ್ರೋಟೀನನ್ನು ತೆಗೆಯಬೇಕು. ಹಾಲಿಗೆ ನಿಂಬೆರಸ ಹಿಂಡಿದರೆ ಏನಾಗುತ್ತದೆ ಎಂದು ನಮ್ಮ ತಾಯಂದಿರಿಗೆ ಗೊತ್ತು. ಹಾಲು ಒಡೆದು ಪನೀರು ಗಟ್ಟಿಯಾಗಿ ಬೇರೆಯಾಗುತ್ತದೆ, ತಿಳಿ ನೀರು ಬೇರೆಯಾಗುತ್ತದೆ. 1919ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಆಟೋ ಫೋಲಿನ್ ಮತ್ತು ಚೀನಾದಿಂದ ಬಂದಿದ್ದ ವಿದ್ಯಾರ್ಥಿ ಶಿಯೆನ್ ವೂ ರಕ್ತಕ್ಕೆ ಸೋಡಿಯಂ ಟಂಗ್‌ಸ್ಟೇಟ್ ಮತ್ತು ಗಂಧಕಾಮ್ಲ ಬೆರೆಸಿ ಇದೇ ಕೆಲಸ ಮಾಡಿದರು. ಪ್ರೋಟೀನು ಗಟ್ಟಿಯಾಗಿ ಕೆಳಗುಳಿಯಿತು. ಸೋಸಿ ತೆಗೆದ ತಿಳಿಯಲ್ಲಿ ಸಕ್ಕರೆ, ಯೂರಿಯಾ, ಯೂರಿಕ್ ಆಮ್ಲ, ಕ್ರಿಯಾಟಿನಿನ್ ಎಲ್ಲವನ್ನೂ ಒಂದೇ ಮಾದರಿಯಿಂದ ಅಳೆಯಲು ಸಾಧ್ಯವಾಯಿತು. ಮುಂದೆ ಹಲವು ದಶಕಗಳ ಕಾಲ ಆಸ್ಪತ್ರೆಗಳ ರಕ್ತಪರೀಕ್ಷೆಗೆ ಇದೇ ಆಧಾರ. ಇಂದಿನ ಮೆಟಬಾಲೊಮಿಕ್ಸ್ ಪ್ರಯೋಗಾಲಯದಲ್ಲಿ ಟಂಗ್‌ಸ್ಟೇಟ್ ಬದಲು ತಣ್ಣನೆಯ ಮೆಥನಾಲ್ ಇದೆ, ಅಷ್ಟೇ ವ್ಯತ್ಯಾಸ.

ಅದೇ ಫೋಲಿನ್ ಅವರ ವಿಭಾಗಕ್ಕೆ ಬಂದ ನಮ್ಮವರು ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿ, ಬಡತನದಲ್ಲಿ ಓದಿ, ಮದ್ರಾಸಿನಲ್ಲಿ ವೈದ್ಯಶಿಕ್ಷಣ ಪಡೆದು ಅಮೆರಿಕಕ್ಕೆ ಹೋದವರು. ಅವರು ಮತ್ತು ಸೈರಸ್ ಫಿಸ್ಕ್ ಸೇರಿ 1925ರಲ್ಲಿ ರಂಜಕವನ್ನು ಬಣ್ಣದ ಮೂಲಕ ಅಳೆಯುವ ವಿಧಾನ ಪ್ರಕಟಿಸಿದರು. ಜೀವರಸಾಯನಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ 'ಫಿಸ್ಕ್-ಸುಬ್ಬರಾವ್ ವಿಧಾನ' ಎಂದು ಓದುತ್ತಾರೆ.

ಈ ವಿಧಾನವನ್ನು ಸ್ನಾಯುವಿಗೆ ಬಳಸಿದಾಗ ಒಂದು ವಿಚಿತ್ರ ಕಂಡಿತು. ಬಣ್ಣ ಬರಬೇಕಾದ ವೇಗದಲ್ಲಿ ಬರಲಿಲ್ಲ, ತಡವಾಗಿ ಏರುತ್ತಾ ಹೋಯಿತು. ಬೇರೆಯವರಾದರೆ ಉಪಕರಣದ ದೋಷವೆಂದು ಬಿಟ್ಟುಬಿಡಬಹುದಿತ್ತು. ಅವರು ಬಿಡಲಿಲ್ಲ. ಸ್ನಾಯುವಿನಲ್ಲಿ ಒಂದು ನಾಜೂಕಾದ ವಸ್ತು ಇದೆ, ಪರೀಕ್ಷೆಯ ಆಮ್ಲದಲ್ಲೇ ಅದು ನಿಧಾನವಾಗಿ ಒಡೆದು ರಂಜಕವನ್ನು ಬಿಡುತ್ತಿದೆ ಎಂದು ಕಂಡುಹಿಡಿದರು. ಅದೇ 1927ರಲ್ಲಿ ಗುರುತಿಸಲಾದ ಫಾಸ್ಫೊಕ್ರಿಯಾಟಿನ್. ಸ್ನಾಯುವಿನ ಶಕ್ತಿಯ ಒಂದು ಮುಖ್ಯ ದಾಸ್ತಾನು ಅದು. ಅದಕ್ಕಿಂತ ಮೊದಲಿನ ವಿಜ್ಞಾನಿಗಳು ಮಾದರಿ ಸಿದ್ಧಪಡಿಸುವಾಗಲೇ ಆ ವಸ್ತುವನ್ನು ಒಡೆದುಹಾಕಿ, ಉಳಿದ ರಂಜಕವನ್ನೇ ಸ್ನಾಯುವಿನ ಸಹಜ ರಂಜಕವೆಂದು ಬರೆದಿಡುತ್ತಿದ್ದರು. ವಸ್ತು ಇತ್ತು, ಆದರೆ ಅದನ್ನು ನೋಡುವ ಕೈ ಅದನ್ನು ಅಳಿಸಿಬಿಡುತ್ತಿತ್ತು! ವಿದ್ಯಾರ್ಥಿ ಮಿತ್ರರೇ, ಈ ಒಂದು ಉದಾಹರಣೆಯನ್ನು ನೆನಪಿನಲ್ಲಿಡಿ. ಮುಂದೆ ಹೇಳುವುದೆಲ್ಲ ಇದರ ವಿಸ್ತರಣೆ.

ತೂಕ ಹಾಕುವ ಯಂತ್ರ

ಇನ್ನೊಂದು ಕಡೆ ಭೌತವಿಜ್ಞಾನಿಗಳು ಪರಮಾಣುಗಳನ್ನು ತೂಗುವ ಯಂತ್ರ ಕಟ್ಟುತ್ತಿದ್ದರು. ಕೇಂಬ್ರಿಜ್‌ನ ಜೆ.ಜೆ. ಥಾಮ್ಸನ್ 1913ರ ಹೊತ್ತಿಗೆ ನಿಯಾನ್ ಅನಿಲದಲ್ಲಿ 20 ಮತ್ತು 22 ತೂಕದ ಎರಡು ಬಗೆಯ ಪರಮಾಣುಗಳನ್ನು ಕಂಡರು. ಅವರ ಶಿಷ್ಯ ಫ್ರಾನ್ಸಿಸ್ ಆಸ್ಟನ್ 1919ರಲ್ಲಿ ಸುಧಾರಿತ ಯಂತ್ರ ನಿರ್ಮಿಸಿ 1922ರ ನೊಬೆಲ್ ಪಡೆದರು. ತತ್ವ ಸರಳ. ಅಣುವಿಗೆ ವಿದ್ಯುತ್ ಆವೇಶ ಕೊಟ್ಟು ನಿರ್ವಾತದಲ್ಲಿ ಓಡಿಸಿದರೆ, ಹಗುರ ಅಣು ಒಂದು ರೀತಿ, ಭಾರದ ಅಣು ಇನ್ನೊಂದು ರೀತಿ ಚಲಿಸುತ್ತದೆ. ಚಲನೆ ನೋಡಿ ತೂಕ ಹೇಳಬಹುದು, ತೂಕ ನೋಡಿ ಅಣು ಯಾವುದೆಂದು ಊಹಿಸಬಹುದು.

ರಕ್ತದ ಅಣುಗಳನ್ನು ಈ ಯಂತ್ರಕ್ಕೆ ಕೊಡುವುದು ಬಹಳ ಕಾಲ ಕಷ್ಟವಾಗಿತ್ತು. ಬಿಸಿ ಮಾಡಿ ಆವಿಯಾಗಿಸಿದರೆ ಹಲವು ಒಡೆದುಹೋಗುತ್ತವೆ. ಅಮೆರಿಕದ ಜಾನ್ ಫೆನ್ 1980ರ ದಶಕದಲ್ಲಿ ದ್ರವವನ್ನು ವಿದ್ಯುತ್ ಒತ್ತಡದ ಸೂಜಿಯಿಂದ ಮಂಜಿನಂತೆ ಸಿಂಪಡಿಸಿ ಅಣುಗಳನ್ನು ಒಡೆಯದೆ ಹಾರಿಸುವ ವಿಧಾನವನ್ನು ಬೆಳೆಸಿದರು. 2002ರಲ್ಲಿ ಅವರಿಗೂ ಜಪಾನಿನ ಕೊಯಿಚಿ ತನಾಕಾ ಅವರಿಗೂ ನೊಬೆಲ್ ಪಾಲು ಸಿಕ್ಕಿತು. ಅಣುಗಳನ್ನು ಮೊದಲು ಒಂದೊಂದಾಗಿ ಬೇರ್ಪಡಿಸುವ ಕ್ರೊಮ್ಯಾಟೊಗ್ರಫಿ ಕೊಳವೆಯನ್ನು ಇದಕ್ಕೆ ಜೋಡಿಸಿದರು. ಇದು ಏಕೆ ಬೇಕೆಂದರೆ ಲ್ಯೂಸಿನ್ ಮತ್ತು ಐಸೊಲ್ಯೂಸಿನ್ ಎಂಬ ಎರಡು ಅಮೈನೋ ಆಮ್ಲಗಳ ತೂಕ ಒಂದೇ. ಬರೀ ತಕ್ಕಡಿಗೆ ಅವು ಅವಳಿ ಮಕ್ಕಳಂತೆ ಕಾಣುತ್ತವೆ. 'ಮೆಟಬಾಲೋಮ್' ಎಂಬ ಪದವೇ 1998ರಲ್ಲಿ ಬಳಕೆಗೆ ಬಂತು.

ಬೆಂಗಳೂರಿನ ಎರಡು ಅಧ್ಯಾಯಗಳು

ಈ ಚರಿತ್ರೆಯಲ್ಲಿ ನಮ್ಮ ರಾಜ್ಯಕ್ಕೆ ಪಾಲಿಲ್ಲವೇ? ಇದೆ. ಎರಡನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಮಕ್ಕಳ ಕಥೆ. ಕೆಲವು ಶಿಶುಗಳು ಒಂದು ಕಿಣ್ವದ ಕೊರತೆಯೊಂದಿಗೆ ಹುಟ್ಟುತ್ತವೆ. ಆಗ ಒಂದು ಅಮೈನೋ ಆಮ್ಲ ರಕ್ತದಲ್ಲಿ ಶೇಖರವಾಗಿ ಮಿದುಳಿಗೆ ಹಾನಿ ಮಾಡುತ್ತದೆ. ಬೇಗ ತಿಳಿದರೆ ಇಂತಹ ಕೆಲವು ಕಾಯಿಲೆಗಳಲ್ಲಿ ಆಹಾರದ ಪಥ್ಯದಿಂದಲೇ ಮಗುವನ್ನು ಉಳಿಸಬಹುದು. ಅಮೆರಿಕದ ರಾಬರ್ಟ್ ಗಥ್ರಿ 1960ರ ದಶಕದ ಆರಂಭದಲ್ಲಿ ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ಪದ್ಧತಿ ತಂದರು. ಕರ್ನಾಟಕದಲ್ಲಿ 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ ಮತ್ತು ಸಂಗಡಿಗರು ಬ್ರಿಟನ್ನಿನ ಎ.ಎಚ್. ಬಿಟಲ್ಸ್ ಅವರೊಡನೆ ಸೇರಿ ನವಜಾತ ಶಿಶುಗಳ ರಕ್ತದಲ್ಲಿ ಅಮೈನೋ ಆಮ್ಲದ ದೋಷಗಳನ್ನು ಹುಡುಕಿದರು. 1988ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಪರೀಕ್ಷೆಗೆ ಒಳಗಾದ ಶಿಶುಗಳ ಸಂಖ್ಯೆ 1,12,269. ಸೋದರಮಾವನೊಡನೆ, ಚಿಕ್ಕಪ್ಪ ದೊಡ್ಡಪ್ಪ ಅತ್ತೆ ಮಾವಂದಿರ ಮಕ್ಕಳೊಡನೆ ಮದುವೆಯಾಗುವ ರೂಢಿ ನಮ್ಮ ರಾಜ್ಯದ ಅನೇಕ ಸಮುದಾಯಗಳಲ್ಲಿ ಇರುವುದರಿಂದ ಈ ಪರೀಕ್ಷೆಗೆ ಇಲ್ಲಿ ವಿಶೇಷ ಮಹತ್ವ. ಇದು ಯಾವುದೋ ಒಂದು ಧರ್ಮದವರ ವಿಷಯವೆಂದು ತಿಳಿಯಬೇಡಿ. 1990ರ ನಂತರ ಇಂತಹ ಒಂದೇ ಒಣ ಹನಿಯಿಂದ ಹಲವು ಕಾಯಿಲೆಗಳನ್ನು ಒಟ್ಟಿಗೆ ಹುಡುಕುವ ಕೆಲಸ ಮಾಸ್ ಸ್ಪೆಕ್ಟ್ರೋಮೀಟರಿಗೆ ಬಂತು.

ಎರಡನೆಯದು ಅನ್ನದ ಕಥೆ. ಹೊಸೂರು ರಸ್ತೆಯಲ್ಲಿ ನಗರದ ಕಡೆಗೆ ಹೋದರೆ ಕೋರಮಂಗಲದ ಬಳಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಸಿಗುತ್ತದೆ. ಅಲ್ಲಿ ಡಾ. ಅನುರ ಕುರ್ಪಾಡ್ ಮತ್ತು ಸಂಗಡಿಗರು, ಅಮೆರಿಕದ ವಿಜ್ಞಾನಿ ವರ್ನನ್ ಯಂಗ್ ಅವರ ಸಹಯೋಗದಲ್ಲಿ, ಒಂದು ಪ್ರಶ್ನೆ ಕೈಗೆತ್ತಿಕೊಂಡರು. ಲೈಸಿನ್ ಎಂಬ ಅಮೈನೋ ಆಮ್ಲ ದೇಹಕ್ಕೆ ಹೊರಗಿನಿಂದಲೇ ಸಿಗಬೇಕು. ಅಕ್ಕಿ, ಗೋಧಿ, ರಾಗಿಯಲ್ಲಿ ಅದು ಕಡಿಮೆ. ಬೇಳೆಕಾಳು, ಹಾಲು, ಮೊಟ್ಟೆ, ಮಾಂಸದಲ್ಲಿ ಹೆಚ್ಚು. 1985ರ ಅಂತರರಾಷ್ಟ್ರೀಯ ವರದಿಯ ಪ್ರಕಾರ ವಯಸ್ಕರಿಗೆ ದಿನಕ್ಕೆ ದೇಹದ ಪ್ರತಿ ಕಿಲೋ ತೂಕಕ್ಕೆ 12 ಮಿಲಿಗ್ರಾಂ ಲೈಸಿನ್ ಸಾಕಾಗಿತ್ತು. ಅದು ಬಹಳ ಹೆಚ್ಚಿರಬೇಕು ಎಂಬ ವಾದವಿತ್ತು. ಆದರೆ ಹುಟ್ಟಿನಿಂದ ಅನ್ನವನ್ನೇ ಹೆಚ್ಚಾಗಿ ತಿನ್ನುವ ಭಾರತೀಯರ ದೇಹ ಕಡಿಮೆಗೆ ಒಗ್ಗಿಕೊಂಡಿರುತ್ತದೆಯೇ?

ಇದಕ್ಕೆ ಉತ್ತರವನ್ನು ಊಹೆಯಿಂದ ಹೇಳಲಾಗದು. ಸಾಮಾನ್ಯ ಇಂಗಾಲಕ್ಕಿಂತ ಸ್ವಲ್ಪ ಭಾರವಾದ, ಹಾನಿಯಿಲ್ಲದ ಇಂಗಾಲ-13 ಸೇರಿಸಿದ ಅಮೈನೋ ಆಮ್ಲವನ್ನು ಸ್ವಯಂಸೇವಕರಿಗೆ ಕೊಟ್ಟು, ಇಡೀ ಹಗಲು ರಾತ್ರಿ ಅವರ ರಕ್ತ ಮತ್ತು ಉಸಿರಿನ ಮಾದರಿಗಳನ್ನು ತೆಗೆದು, ಮಾಸ್ ಸ್ಪೆಕ್ಟ್ರೋಮೀಟರಿನಿಂದ ಆ ಇಂಗಾಲ ಎಲ್ಲಿ ಹೋಯಿತೆಂದು ಲೆಕ್ಕ ಹಾಕಿದರು. ಉತ್ತರ ಸುಮಾರು 30 ಮಿಲಿಗ್ರಾಂ ಎಂದು ಬಂತು. ಅಪೌಷ್ಟಿಕತೆಯಿಂದ ಬಳಲುತ್ತಿದ್ದವರಿಗೆ ಇನ್ನೂ ಹೆಚ್ಚು ಬೇಕಿತ್ತು. 2007ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಸಹಸಂಸ್ಥೆಗಳ ವರದಿಯಲ್ಲಿ ವಯಸ್ಕರ ಅಗತ್ಯ 30 ಮಿಲಿಗ್ರಾಂ ಎಂದೇ ದಾಖಲಾಗಿದೆ. 60 ಕಿಲೋ ತೂಕದ ಕಾರ್ಮಿಕನಿಗೆ ಹಳೆಯ ಲೆಕ್ಕದಲ್ಲಿ 720 ಮಿಲಿಗ್ರಾಂ ಸಾಕಿದ್ದದ್ದು ಹೊಸ ಲೆಕ್ಕದಲ್ಲಿ 1,800 ಆಯಿತು. ಬಡವನ ದೇಹ ಕಡಿಮೆಯಲ್ಲೇ ಬದುಕಲು ಕಲಿತಿದೆ ಎಂಬ ಅನುಕೂಲದ ಮಾತಿಗೆ ಬೆಂಗಳೂರಿನ ರಕ್ತದ ಮಾದರಿಗಳು ಹೀಗೆ ಉತ್ತರ ಕೊಟ್ಟವು. ಶಾಲೆಯ ಬಿಸಿಯೂಟದ ಸಾಂಬಾರಿನಲ್ಲಿ ಬೇಳೆ ಎಷ್ಟಿದೆ ಎಂದು ಇಣುಕಿ ನೋಡುವ ಶಿಕ್ಷಕರಿಗೆ ಈ ಲೆಕ್ಕದ ಬೆಲೆ ತಿಳಿಯುತ್ತದೆ.

ಹೆಬ್ಬಗೋಡಿಯ ಕಥೆ

ಈಗ ನಮ್ಮ ಊರಿಗೆ ಬರೋಣ. 1978ರಲ್ಲಿ ಕಿರಣ್ ಮಜುಂದಾರ್ ಎಂಬ ಯುವತಿ ಐರ್ಲೆಂಡಿನ ಒಂದು ಸಂಸ್ಥೆಯ ಸಹಯೋಗದಲ್ಲಿ, 10,000 ರೂಪಾಯಿ ಬಂಡವಾಳದಿಂದ, ಬೆಂಗಳೂರಿನ ಬಾಡಿಗೆ ಗ್ಯಾರೇಜಿನಲ್ಲಿ ಬಯೋಕಾನ್ ಆರಂಭಿಸಿದರು. ಮೊದಲ ಉತ್ಪನ್ನಗಳಲ್ಲಿ ಒಂದು ಪಪ್ಪಾಯಿಯ ಹಾಲಿನಿಂದ ತೆಗೆದ ಪಪೇನ್ ಎಂಬ ಕಿಣ್ವ. ಕಬಾಬಿನ ಮಾಂಸ ಮೆತ್ತಗಾಗಲೆಂದು ನಾವು ಹಸಿ ಪಪ್ಪಾಯಿ ಅರೆದು ಹಚ್ಚುತ್ತೇವಲ್ಲ, ಅಲ್ಲಿ ಕೆಲಸ ಮಾಡುವುದು ಇದೇ ಪಪೇನ್. ಅದು ಪ್ರೋಟೀನನ್ನು ಕತ್ತರಿಸುತ್ತದೆ.

ಮುಂದೆ ಹೊಸೂರು ರಸ್ತೆಯ 20ನೇ ಕಿಲೋಮೀಟರಿನ ಬಳಿ ಸಂಸ್ಥೆಯ ಆವರಣ ಬೆಳೆಯಿತು. 1990ರ ದಶಕದ ಮೊದಲರ್ಧದಲ್ಲಿ ಬೇರೆ ಕಂಪನಿಗಳಿಗಾಗಿ ಸಂಶೋಧನೆ ಮಾಡಿಕೊಡುವ ಸಿಂಜೀನ್, 2000ದಲ್ಲಿ ಔಷಧಗಳನ್ನು ಮನುಷ್ಯರಲ್ಲಿ ಪರೀಕ್ಷಿಸುವ ಅಧ್ಯಯನಗಳಿಗಾಗಿ ಕ್ಲಿನಿಜೀನ್ ಹುಟ್ಟಿದವು. ಕ್ಲಿನಿಜೀನ್ ನಂತರ ಸಿಂಜೀನಿನೊಳಗೆ ಸೇರಿತು. 2004ರಲ್ಲಿ ಬಯೋಕಾನಿನ ಇನ್ಸುಲಿನ್ ಮಾರುಕಟ್ಟೆಗೆ ಬಂತು. ಮೊದಲು ಕಿಣ್ವದಿಂದ ಆರಂಭವಾದ ಸಂಸ್ಥೆ 2007ರಲ್ಲಿ ಕಿಣ್ವದ ವ್ಯಾಪಾರವನ್ನೇ ಮಾರಿ ಪೂರ್ತಿಯಾಗಿ ಔಷಧದ ಕಡೆಗೆ ತಿರುಗಿತು.

ಔಷಧಕ್ಕೂ ಪ್ಲಾಸ್ಮಾಕ್ಕೂ ಏನು ಸಂಬಂಧ? ಒಂದು ಮಾತ್ರೆ ನುಂಗಿದ ಮೇಲೆ ಔಷಧ ರಕ್ತಕ್ಕೆ ಎಷ್ಟು ಸೇರಿತು, ಎಷ್ಟು ಹೊತ್ತು ಉಳಿಯಿತು ಎಂದು ತಿಳಿಯಬೇಕಾದರೆ ಗಂಟೆ ಗಂಟೆಗೆ ರಕ್ತ ತೆಗೆದು ಪ್ಲಾಸ್ಮಾದಲ್ಲಿ ಅಳೆಯಬೇಕು. ಅಗ್ಗದ ಜನರಿಕ್ ಮಾತ್ರೆ ಮೂಲ ಮಾತ್ರೆಗೆ ಸಮವೆಂದು ಸಾಬೀತು ಮಾಡುವುದು ಸಾಮಾನ್ಯವಾಗಿ ಈ ಅಳತೆಯಿಂದಲೇ. ಅಲ್ಲಿ ಹುಡುಕುವುದು ಒಂದು ಔಷಧವನ್ನು. ಮೆಟಬಾಲೊಮಿಕ್ಸಿನಲ್ಲಿ ಸಾವಿರ ಅಣುಗಳನ್ನು ಒಟ್ಟಿಗೆ ಹುಡುಕುತ್ತಾರೆ. ಆದರೆ ಟ್ಯೂಬು, ಐಸು, ಸೆಂಟ್ರಿಫ್ಯೂಜು, ಮೆಥನಾಲು ಎರಡಕ್ಕೂ ಒಂದೇ.

ಮೊದಲ ಅರ್ಧ ಗಂಟೆ

ಇನ್ನು ಆ ಕೆಲಸವನ್ನು ಹಂತ ಹಂತವಾಗಿ ನೋಡೋಣ.

ಸಾಮಾನ್ಯವಾಗಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಯುತ್ತಾರೆ. ತಿಂದ ತಿಂಡಿಯೂ ಕುಡಿದ ಟೀಯೂ ಪ್ಲಾಸ್ಮಾದಲ್ಲಿ ಕಾಣಿಸುತ್ತವೆ ಎಂಬುದೇ ಕಾರಣ. ಟ್ಯೂಬಿನ ಮುಚ್ಚಳದ ಬಣ್ಣ ನೋಡಿ: ನೇರಳೆ ಎಂದರೆ ಇ.ಡಿ.ಟಿ.ಎ., ಹಸಿರು ಎಂದರೆ ಹೆಪಾರಿನ್, ತಿಳಿ ನೀಲಿ ಎಂದರೆ ಸಿಟ್ರೇಟ್. ಮೂರೂ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತವೆ. ಸಿಟ್ರೇಟನ್ನು 1914-15ರಲ್ಲಿ ರಕ್ತದಾನಕ್ಕೆ ಬಳಸಲಾರಂಭಿಸಿದರು. ಹೆಪಾರಿನ್ ಪತ್ತೆಯಾದದ್ದು 1916ರಲ್ಲಿ. ಆದರೆ ಸಿಟ್ರೇಟ್ ಟ್ಯೂಬಿನಲ್ಲಿ ರಕ್ತ ತೆಗೆದು ದೇಹದ ಸಿಟ್ರೇಟ್ ಅಳೆಯಲು ಹೋದರೆ ಉಪ್ಪಿನ ಡಬ್ಬಿಯಲ್ಲಿಟ್ಟ ಸಾರಿನ ಉಪ್ಪು ನೋಡಿದಂತಾಗುತ್ತದೆ. ಆದ್ದರಿಂದ ಒಂದು ಅಧ್ಯಯನಕ್ಕೆ ಒಂದೇ ಬಗೆಯ ಟ್ಯೂಬು ಎಂಬುದು ಕಟ್ಟುನಿಟ್ಟಿನ ನಿಯಮ.

ರಕ್ತ ತುಂಬಿದ ಟ್ಯೂಬನ್ನು ಎಂಟು ಹತ್ತು ಸಾರಿ ಮೆಲ್ಲಗೆ ತಿರುಗಿಸಬೇಕು, ಕುಲುಕಬಾರದು. ಜೋರಾಗಿ ಕುಲುಕಿದರೆ ಕೆಂಪು ಕಣಗಳು ಒಡೆದು ಪ್ಲಾಸ್ಮಾ ಗುಲಾಬಿಯಾಗುತ್ತದೆ, ಕಣದೊಳಗಿನ ವಸ್ತುಗಳೆಲ್ಲ ಹೊರಗೆ ಸುರಿಯುತ್ತವೆ. ಕೂಡಲೇ ಟ್ಯೂಬನ್ನು ಐಸಿನ ಮೇಲಿಡಬೇಕು. ಏಕೆಂದರೆ ದೇಹದಿಂದ ಹೊರಬಂದರೂ ರಕ್ತಕಣಗಳು ಜೀವಂತವಾಗಿಯೇ ಇರುತ್ತವೆ. ಟ್ಯೂಬಿನೊಳಗೆ ಅವು ಗ್ಲೂಕೋಸನ್ನು ತಿನ್ನುತ್ತಲೇ ಇರುತ್ತವೆ, ಲ್ಯಾಕ್ಟೇಟನ್ನು ಬಿಡುತ್ತಲೇ ಇರುತ್ತವೆ. ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಶೇಕಡಾ 5ರಿಂದ 7ರಷ್ಟು ಗ್ಲೂಕೋಸ್ ಕಡಿಮೆಯಾಗುತ್ತದೆ. ಕಬಾಬಿನ ಮೇಲೆ ಪಪೇನ್ ಕೆಲಸ ಮಾಡುವ ಹಾಗೆ ಕಿಣ್ವಗಳು ಕೆಲಸ ಮಾಡುತ್ತಲೇ ಇರುತ್ತವೆ. ತಂಪು ಅವುಗಳನ್ನು ನಿಧಾನಗೊಳಿಸುತ್ತದೆ.

ಸಾಧ್ಯವಾದರೆ ಅರ್ಧ ಗಂಟೆಯೊಳಗೆ ಟ್ಯೂಬು ಸೆಂಟ್ರಿಫ್ಯೂಜಿಗೆ ಹೋಗಬೇಕು. ಹಾಲಿನಿಂದ ಕೆನೆ ತೆಗೆಯಲು 1878ರಲ್ಲಿ ಸ್ವೀಡನ್ನಿನ ಡಿ ಲಾವಾಲ್ ಕಟ್ಟಿದ ಯಂತ್ರದ ತತ್ವವೇ ಇಲ್ಲಿಯೂ. 4 ಡಿಗ್ರಿ ತಂಪಿನಲ್ಲಿ, ಭೂಮಿಯ ಗುರುತ್ವದ ಸುಮಾರು 2,000 ಪಟ್ಟು ಬಲದಲ್ಲಿ ಹತ್ತು ಹದಿನೈದು ನಿಮಿಷ ತಿರುಗಿಸಿದರೆ ಕಣಗಳು ಕೆಳಗೆ, ಪ್ಲಾಸ್ಮಾ ಮೇಲೆ. ನಡುವೆ ಬಿಳಿ ಕಣಗಳ ತೆಳುವಾದ ಪದರ. ಪೈಪೆಟ್ಟಿನ ತುದಿ ಆ ಪದರಕ್ಕೆ ತಾಗಬಾರದು. ಕೊನೆಯ ಹನಿಯ ಆಸೆಗೆ ಬಿದ್ದವರು ಮಾದರಿ ಕೆಡಿಸುತ್ತಾರೆ. ತೆಗೆದ ಪ್ಲಾಸ್ಮಾವನ್ನು ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತಾರೆ. ಒಮ್ಮೆಗೆ ಒಂದೇ ಟ್ಯೂಬು ಕರಗಿಸಿದರೆ ಸಾಕು ಎಂಬುದಕ್ಕೆ ಈ ಹಂಚಿಕೆ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಅಣುಗಳು ಹಾಳಾಗುತ್ತವೆ.

ಪರೀಕ್ಷೆಯ ದಿನ ಐಸಿನ ಮೇಲೆ ಕರಗಿಸಿ, ಉದಾಹರಣೆಗೆ 100 ಮೈಕ್ರೋಲೀಟರ್ ಪ್ಲಾಸ್ಮಾಕ್ಕೆ ಅದರ ಮೂರು ನಾಲ್ಕು ಪಟ್ಟು ತಣ್ಣನೆಯ ಮೆಥನಾಲ್ ಹಾಕುತ್ತಾರೆ. ಆ ಮೆಥನಾಲಿನಲ್ಲಿ ಗೊತ್ತಾದ ಪ್ರಮಾಣದ, ಭಾರವಾದ ಪರಮಾಣು ಸೇರಿಸಿದ ಕೆಲವು ಅಣುಗಳನ್ನು ಮೊದಲೇ ಬೆರೆಸಿರುತ್ತಾರೆ. ದಾರಿಯಲ್ಲಿ ಎಷ್ಟು ನಷ್ಟವಾಯಿತು ಎಂದು ಕೊನೆಗೆ ಇವೇ ಹೇಳುತ್ತವೆ. ಪ್ರೋಟೀನು ಬಿಳಿಯಾಗಿ ಒಡೆಯುತ್ತದೆ. ಮತ್ತೆ ಜೋರಾಗಿ, ಗುರುತ್ವದ 14,000 ಪಟ್ಟಿನಷ್ಟು ಬಲದಲ್ಲಿ ತಿರುಗಿಸಿ ಮೇಲಿನ ತಿಳಿಯನ್ನು ತೆಗೆದು, ಒಣಗಿಸಿ, ಸ್ವಲ್ಪ ದ್ರಾವಣದಲ್ಲಿ ಮತ್ತೆ ಕರಗಿಸಿ ಪುಟ್ಟ ಗಾಜಿನ ಸೀಸೆಗೆ ತುಂಬುತ್ತಾರೆ. ಕೊಬ್ಬಿನ ಅಣುಗಳೇ ಬೇಕಾದರೆ ಕ್ಲೋರೋಫಾರಂ ಮತ್ತು ಮೆಥನಾಲ್ ಬಳಸುವ, 1957ರಲ್ಲಿ ಫೋಲ್ಚ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ ಇದೆ.

ಇಲ್ಲಿಗೆ ಮುಗಿಯಲಿಲ್ಲ. ರೋಗಿಗಳ ಮಾದರಿಗಳನ್ನೆಲ್ಲ ಬೆಳಗ್ಗೆ, ಆರೋಗ್ಯವಂತರದನ್ನೆಲ್ಲ ಸಂಜೆ ಓಡಿಸಿದರೆ, ಯಂತ್ರದ ದಣಿವೇ ರೋಗದಂತೆ ಕಾಣಬಹುದು. ಆದ್ದರಿಂದ ಚೀಟಿ ಎತ್ತಿದಂತೆ ಕ್ರಮವನ್ನು ಕಲಸುತ್ತಾರೆ. ಎಲ್ಲ ಮಾದರಿಗಳಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿದ ಒಂದು ಸಾಮಾನ್ಯ ಮಾದರಿಯನ್ನು ಪ್ರತಿ ಐದು ಹತ್ತು ಮಾದರಿಗಳಿಗೊಮ್ಮೆ ಓಡಿಸುತ್ತಾರೆ. ಅದರ ಉತ್ತರ ಮೊದಲಿನಿಂದ ಕೊನೆಯವರೆಗೆ ಒಂದೇ ಇದ್ದರೆ ಯಂತ್ರವನ್ನು ನಂಬಬಹುದು. ಪ್ಲಾಸ್ಮಾ ಹಾಕದ ಬರಿಯ ಟ್ಯೂಬನ್ನೂ ಇದೇ ಎಲ್ಲ ಹಂತಗಳಲ್ಲಿ ಹಾಯಿಸುತ್ತಾರೆ. ಅದರಲ್ಲಿ ಕಂಡದ್ದು ಪ್ಲಾಸ್ಟಿಕ್ಕಿನದು, ಮನುಷ್ಯನದಲ್ಲ.

ಅಮಾನತ್

ಉರ್ದುವಿನಲ್ಲಿ 'ಅಮಾನತ್' ಎಂದರೆ ಒಬ್ಬರು ನಂಬಿ ನಮ್ಮ ಕೈಗೆ ಒಪ್ಪಿಸಿದ ವಸ್ತು. ಅದೇ ಪದ ಕನ್ನಡದ ಪತ್ರಿಕೆಗಳಲ್ಲಿ 'ಅಧಿಕಾರಿ ಅಮಾನತು' ಎಂದು ಬೇರೆಯೇ ಅರ್ಥದಲ್ಲಿ ಕಾಣಿಸಿಕೊಳ್ಳುತ್ತದೆ. ಪದ ಒಂದೇ ಮನೆಯದು, ದಾರಿ ಬೇರೆ. ಒಪ್ಪಿಸಿದ್ದನ್ನು ಕಾಪಾಡದವರಿಗೆ ಎರಡನೆಯ ಅಮಾನತು ಕಾದಿರುತ್ತದೆ ಎಂದು ನಾನು ತರಗತಿಯಲ್ಲಿ ತಮಾಷೆಗೆ ಹೇಳುವುದುಂಟು.

ಟ್ಯೂಬಿನಲ್ಲಿರುವ ಪ್ಲಾಸ್ಮಾ ಒಂದು ಅಮಾನತ್. ಯಾರೋ ಒಬ್ಬರು ಬೆಳಗ್ಗೆ ಹಸಿದು ಬಂದು, ಸೂಜಿ ಚುಚ್ಚಿಸಿಕೊಂಡು ಕೊಟ್ಟದ್ದು. ಸೆಂಟ್ರಿಫ್ಯೂಜಿಗೆ ಎರಡು ಗಂಟೆ ತಡವಾದರೆ ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಪ್ಲಾಸ್ಮಾ ಅದೇ ಹಳದಿ ಬಣ್ಣದಲ್ಲಿರುತ್ತದೆ. ಯಂತ್ರವೂ ಆಕ್ಷೇಪಿಸದೆ ಅಂಕಿಗಳನ್ನು ಕೊಡುತ್ತದೆ. ತಡವಾದದ್ದನ್ನು ತಡವಾಯಿತೆಂದೇ ನೋಂದಣಿ ಪುಸ್ತಕದಲ್ಲಿ ಬರೆಯುವವನ ಪ್ರಾಮಾಣಿಕತೆಯ ಮೇಲೆ ಎಲ್ಲವೂ ನಿಂತಿದೆ. ಬರೆದಿಟ್ಟರೆ ಆ ಮಾದರಿಯನ್ನು ಬದಿಗಿಡಬಹುದು. ಬರೆಯದಿದ್ದರೆ ಟ್ಯೂಬಿನಲ್ಲಿ ಕಡಿಮೆಯಾದ ಗ್ಲೂಕೋಸು ರೋಗಿಯ ದೇಹದಲ್ಲೇ ಕಡಿಮೆಯಿತ್ತು ಎಂದಾಗುತ್ತದೆ.

ಅಮಾನತ್ತಿಗೆ ಇನ್ನೊಂದು ಮುಖವೂ ಇದೆ. ರಕ್ತ ಕೊಡುವವರ ಹಕ್ಕು. ಔಷಧದ ಅಧ್ಯಯನಗಳಿಗೆ ಸ್ವಯಂಸೇವಕರಾಗಿ ಹೋಗುವವರು ಕೈಗಾರಿಕಾ ಪ್ರದೇಶಗಳಲ್ಲಿ ಇದ್ದಾರೆ. ಹೋಗುವುದು ತಪ್ಪಲ್ಲ, ಅವರಿಲ್ಲದೆ ಹೊಸ ಔಷಧವಿಲ್ಲ. ಆದರೆ ಸಹಿ ಹಾಕುವ ಮೊದಲು ಏನು ಕೊಡುತ್ತಾರೆ, ಎಷ್ಟು ರಕ್ತ ತೆಗೆಯುತ್ತಾರೆ, ಅಪಾಯವೇನು, ತೊಂದರೆಯಾದರೆ ಚಿಕಿತ್ಸೆ ಯಾರದು ಎಂದು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೇಳಿ ತಿಳಿಯುವುದು ನಿಮ್ಮ ಹಕ್ಕು. ಕನ್ನಡ, ಉರ್ದು, ತಮಿಳು, ಹಿಂದಿ ಯಾವುದೇ ಆಗಲಿ. ನಡುವೆ ಬೇಡವೆನಿಸಿದರೆ ಹೊರಬರುವುದೂ ಹಕ್ಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯಲ್ಲೂ ಈ ತತ್ವಗಳಿವೆ. ಓದು ಬರಹ ಬಾರದ ಹಿರಿಯರು ಇಂತಹ ಕಾಗದ ಹಿಡಿದು ನಿಮ್ಮ ಬಳಿ ಬಂದರೆ, ವಿದ್ಯಾರ್ಥಿಗಳೇ, ಕೂತು ಪೂರ್ತಿಯಾಗಿ ಓದಿ ಹೇಳಿ. ನಿಮ್ಮ ವಿದ್ಯೆಗೆ ಅದಕ್ಕಿಂತ ಒಳ್ಳೆಯ ಉಪಯೋಗ ಬೇರೆ ಇಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು

ನಮ್ಮ ಮಕ್ಕಳು ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ಡಾಕ್ಟರ್ ಇಲ್ಲವೇ ಎಂಜಿನಿಯರ್ ಎಂಬ ಎರಡೇ ಬಾಗಿಲು ನೋಡುತ್ತಾರೆ. ಎರಡೂ ಮುಚ್ಚಿದರೆ ವಿಜ್ಞಾನವನ್ನೇ ಬಿಡುತ್ತಾರೆ. ಮೇಲೆ ಹೇಳಿದ ಕೆಲಸಗಳಿಗೆ ಬೇಕಾದವರು ಬಿ.ಎಸ್ಸಿ. ಜೀವರಸಾಯನಶಾಸ್ತ್ರ, ರಸಾಯನಶಾಸ್ತ್ರ, ಬಿ.ಫಾರ್ಮಾ, ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ ಓದಿದವರು. ಹೆಣ್ಣುಮಕ್ಕಳ ತಂದೆ ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು. ದೂರದ ಊರಿಗೆ ಕಳಿಸಬೇಕೆಂಬ ಚಿಂತೆ ಇಲ್ಲಿಲ್ಲ, ಪ್ರಯೋಗಾಲಯಗಳು ನಮ್ಮ ಬೀದಿಯ ಕೊನೆಯಲ್ಲೇ ಇವೆ. ಇಂದು ಗೇಟಿನ ಬಳಿ ಕಾವಲು ನಿಂತ ತಂದೆಯ ಮಗಳು ನಾಳೆ ಅದೇ ಗೇಟಿನೊಳಗೆ ಪೈಪೆಟ್ಟು ಹಿಡಿಯಬಹುದು.

ಈ ಕೆಲಸಕ್ಕೆ ಅಸಾಧಾರಣ ಬುದ್ಧಿಯೇ ಬೇಕೆಂದಿಲ್ಲ. ಬೇಕಾದದ್ದು ಸಮಯಪಾಲನೆ, ಶುಚಿತ್ವ, ತಾಳ್ಮೆ ಮತ್ತು ನಡೆದದ್ದನ್ನು ನಡೆದ ಹಾಗೆಯೇ ಬರೆಯುವ ಧೈರ್ಯ. ಬಣ್ಣ ತಡವಾಗಿ ಬಂದಾಗ ಸುಬ್ಬರಾವ್ ಅವರು ಅದನ್ನು ಮುಚ್ಚಿಡದೆ ಏಕೆಂದು ಕೇಳಿದರು. ಆ ಪ್ರಶ್ನೆಯಿಂದಲೇ ಜಗತ್ತಿಗೆ ಫಾಸ್ಫೊಕ್ರಿಯಾಟಿನ್ ತಿಳಿಯಿತು. ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಮುಂದಿನ ಸಲ ಉತ್ತರ ಪುಸ್ತಕದ ಹಾಗೆ ಬರದಿದ್ದರೆ, ಪಕ್ಕದವನ ರೆಕಾರ್ಡ್ ನೋಡಿ ಅಂಕಿ ತಿದ್ದಬೇಡಿ. ಬಂದದ್ದನ್ನು ಬಂದ ಹಾಗೆ ಬರೆದು, ಅದರ ಕೆಳಗೆ ಒಂದು ಪ್ರಶ್ನೆ ಹಾಕಿ ನಿಮ್ಮ ಶಿಕ್ಷಕರಿಗೆ ತೋರಿಸಿ.